ಗುರುತಿದ್ದ ಮಾಲು

ನನಗೂ ನನ್ನ ಅಣ್ಣನಿಗೂ ಮಾತು ನಿಂತದ್ದು ಆಸ್ತಿಯ ಕಾರಣಕ್ಕಲ್ಲ, ಕಡಲೆಯ ಕಾರಣಕ್ಕೆ. ಹೇಳಿದರೆ ಜನ ನಗುತ್ತಾರೆ. ನಗಲಿ. ನಮ್ಮ ಸೀಮೆಯಲ್ಲಿ ಹಕ್ಕಿಗೋಸ್ಕರ ಒಡಹುಟ್ಟಿದವನ ಜೊತೆ ಜಗಳ ಕಾಯ್ದ ಹೆಂಗಸು ನಾನೊಬ್ಬಳೇ ಇರಬೇಕು. ಅದರ ಬಗ್ಗೆ ನನಗೆ ಬಹಳ ದಿನ ಹೆಮ್ಮೆಯೂ ಇತ್ತು.

ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ತವರು ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಕೆರೆಯಂಚಿನ ಊರು. ಕುರಿ ಕಾಯುವ ಮನೆತನ ನಮ್ಮದು. ಅಪ್ಪ ತೀರಿಕೊಂಡ ಮೇಲೆ ಕುರಿ, ಹೊಲ, ಬೀರಪ್ಪನ ಪೂಜೆಯ ಸರದಿ ಎಲ್ಲ ಅಣ್ಣನಿಗೆ ಬಂತು. ನನಗೆ ನೌಕರಿ ಬಂತು. ಹೆಚ್ಚಿನದು ಇನ್ನೊಬ್ಬರಿಗೇ ಬಂತೆಂದು ಇಬ್ಬರಿಗೂ ಒಳಗೊಳಗೆ ಅನ್ನಿಸುತ್ತಿತ್ತು. ಆದರೂ ಹಬ್ಬಕ್ಕೆ ಹೋಗುತ್ತಿದ್ದೆ, ಅತ್ತಿಗೆ ಬಡಿದ ರೊಟ್ಟಿ ತಿನ್ನುತ್ತಿದ್ದೆ, ಬರುವಾಗ ಅಣ್ಣ ಬಸ್ಸಿನ ತನಕ ಬಂದು ಚೀಲ ಹತ್ತಿಸುತ್ತಿದ್ದ.

ಮಳೆಗಾಲ ಮುಗಿದು ಕೆರೆಯ ನೀರು ಹಿಂದಕ್ಕೆ ಸರಿಯತೊಡಗಿದಾಗ ಅಂಚಿನ ಕರಿಮಣ್ಣಿಗೆ ಕಡಲೆ ಹಾಕುತ್ತಾರೆ. ಮಣ್ಣಿನ ಪಸೆಗೇ ಅದು ಬೆಳೆಯುತ್ತದೆ. ಅದು ಎರಡೆಲೆ ಬಿಡುವುದಕ್ಕೂ ಉತ್ತರದಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವುದಕ್ಕೂ ಸರಿಯಾಗುತ್ತದೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ನೀರಿನ ಮೇಲೆ ಸಾಧುಗಳ ಹಾಗೆ ಕೂತಿರುತ್ತವೆ. ಬೆಳಗು ಹರಿಯುವ ಮುಂಚೆ ಹೊಲಕ್ಕಿಳಿದು, ಸಾಲು ಹಿಡಿದು ಕಡಲೆಯ ಎಳೆಚಿಗುರು ಮೇಯುತ್ತವೆ. ಹಿಮಾಲಯ ದಾಟಿ ಬಂದ ಹಕ್ಕಿಗೆ ಹಸಿವಾಗದೆ ಇರುತ್ತದೆಯೇ ಎಂದು ನಾನು. ಬಿತ್ತಿದವನಿಗೆ ಹಸಿವಿಲ್ಲವೇ ಎಂದು ಅವನು.

ನಮ್ಮ ಕಡೆ ಕಾಡುಜೀವಿಗಳನ್ನು ಬೈಯದ ಮನುಷ್ಯನನ್ನು ನಾನು ಕಂಡಿಲ್ಲ. ಕೂಡ್ಲಿಗಿ ಕಡೆಯವರು ಶೇಂಗಾ ಹೊಲಕ್ಕಿಳಿಯುವ ಕರಡಿಗೆ ಬೈಯುತ್ತಾರೆ, ಹರಪನಹಳ್ಳಿಯವರು ಮೆಕ್ಕೆಜೋಳದೊಳಗಿನ ಹಂದಿಗೆ, ನಮ್ಮ ಕುರಿಯವರು ತೋಳಕ್ಕೆ. ನಾನು ಬೈಯುವವರನ್ನು ಬೈಯುತ್ತೇನೆ. ಭಾನುವಾರ ಕಾರು ಮಾಡಿಕೊಂಡು ಬಂದು, ಮಾರುದ್ದ ಕ್ಯಾಮೆರಾ ಹಿಡಿದು, ಏರಿಯ ತುಂಬ ಬಿಸ್ಕತ್ತಿನ ಕಾಗದ ಚೆಲ್ಲಿ, ನಮ್ಮೂರಿನವರಿಗೆ 'ಅರಿವು ಇಲ್ಲ' ಎಂದು ಹೇಳಿ ಹೋಗುವವರನ್ನು ಇನ್ನೂ ಎರಡು ಮಾತು ಹೆಚ್ಚಿಗೆ ಬೈಯುತ್ತೇನೆ. ಒಟ್ಟಿನಲ್ಲಿ ಕೆರೆಯ ಸುತ್ತ ನನಗೆ ಸರಿಬಂದದ್ದು ಹಕ್ಕಿಗಳು ಮಾತ್ರ.

ಒಂದು ಚಳಿಗಾಲ ಹತ್ತನೇ ತರಗತಿಯ ಹುಡುಗಿಯರನ್ನು ಕರೆದುಕೊಂಡು ಏರಿಯ ಮೇಲೆ ನಿಂತಿದ್ದೆ. ಹೆಬ್ಬಾತುಗಳನ್ನು ತೋರಿಸಿ, ಇವು ಬರುವ ದಾರಿ ಹೇಳುತ್ತಿದ್ದೆ. ಢಂ ಎಂದಿತು. ಮತ್ತೊಂದು ಢಂ. ಕೆರೆಯ ಅಷ್ಟೂ ಹಕ್ಕಿ ಒಮ್ಮೆಲೇ ಎದ್ದು ಚೆಲ್ಲಾಪಿಲ್ಲಿಯಾದವು. ಕೆಳಗೆ ಹೊಲದ ಬದುವಿನಲ್ಲಿ ಅಣ್ಣ, ಕೈಯಲ್ಲಿ ದೀಪಾವಳಿಯ ಪಟಾಕಿ. ಹುಡುಗಿಯರ ಮುಂದೆಯೇ ಕೆಳಗಿಳಿದು ಹೋಗಿ ಬಾಯಿಗೆ ಬಂದಂತೆ ಬೈದೆ.

"ಅಪ್ಪ ಇದ್ದಿದ್ರ ನಿನ್ನ ಕೈ ಕಡೀತಿದ್ದ!" ಅಂದೆ.

ಅವನು ಇನ್ನೊಂದು ಪಟಾಕಿಗೆ ಕಡ್ಡಿ ಗೀರುತ್ತ ಹೇಳಿದ: "ನಿನ್ನ ಪಗಾರ ಮುಗಿಲಿನ್ಯಾಗಿಂದ ಬೀಳತೈತಿ ತಂಗಿ. ನನ್ನ ಕಡ್ಲಿ ನೆಲದಾಗ ಬೆಳೀಬೇಕು. ಹೊಟ್ಟಿಗೆ ಹಿಟ್ಟಿಲ್ಲದವ್ರ ಮುಂದ ಜುಟ್ಟಿನ ಮಲ್ಲಿಗಿ ಮಾತು ಆಡಬ್ಯಾಡ."

ನಾನು ಮಾರನೆಯ ದಿನವೇ ಅರಣ್ಯದವರಿಗೆ ಅರ್ಜಿ ಬರೆದು ಪಟಾಕಿ ನಿಲ್ಲಿಸಿದೆ. ಅಣ್ಣ ನನ್ನ ಜೊತೆ ಮಾತು ನಿಲ್ಲಿಸಿದ. ಪಟಾಕಿಯ ಬದಲು ಮೀನುಗಾರರಿಂದ ಹಳೇ ಬಲೆ ತಂದು ಹೊಲದ ಸುತ್ತ ಕಟ್ಟಿದ. ಅದನ್ನೂ ಅತ್ತಿಗೆಯ ಮುಂದೆ ಆಡಿಕೊಂಡೆ. ಅವಳು ಎರಡೂ ಕಡೆ ಕೇಳಿಸಿಕೊಂಡು ಎರಡೂ ಕಡೆ ಸುಮ್ಮನಿರುತ್ತಿದ್ದಳು.

ಮರುವರ್ಷ ಹಕ್ಕಿಗಳು ಬಂದಾಗ ದುರ್ಬೀನಿನಲ್ಲಿ ಒಂದನ್ನು ಕಂಡೆ. ಕುತ್ತಿಗೆಗೆ ಹಸಿರು ಪಟ್ಟಿ, ಅದರ ಮೇಲೆ ಬಿಳಿ ಅಂಕಿ: ಏಳು, ಎರಡು. ಪಟ್ಟಿಯ ಮಗ್ಗುಲಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ಯಂತ್ರ. ಫೋಟೋ ತೆಗೆದು, ತಿಳಿದವರಿಗೆ ಕಳಿಸಿ, ಅವರಿಂದ ಇವರಿಂದ ಹಾದು ಕೊನೆಗೆ ಅದನ್ನು ಕಟ್ಟಿದ ಸಂಶೋಧಕಿಯ ತನಕ ಮುಟ್ಟಿದೆ. ಬಹಳ ದೂರದವಳು, ಮುಖ ನೋಡಿದವಳಲ್ಲ, ಆದರೆ ಅವಳ ಜೊತೆ ಮಾತಾಡಿದಷ್ಟು ಸಲೀಸಾಗಿ ನಾನು ಮನೆಯವರ ಜೊತೆ ಮಾತಾಡಿದ್ದಿಲ್ಲ. ಮಂಗೋಲಿಯಾದ ಒಂದು ಕೆರೆಯಲ್ಲಿ ಪಟ್ಟಿ ಕಟ್ಟಿದ್ದಳಂತೆ. ಅಲ್ಲಿಂದ ಟಿಬೆಟ್ಟಿನ ಬಯಲು, ಹಿಮಾಲಯದ ನೆತ್ತಿ, ಗಂಗೆಯ ದಂಡೆ, ಗೋದಾವರಿ, ನಮ್ಮ ಕೆರೆ. ನಕಾಶೆಯಲ್ಲಿ ಚುಕ್ಕಿಗೆ ಚುಕ್ಕಿ ಸೇರಿಸಿದ ಗೆರೆ ಕಳಿಸಿದಳು. ಆ ಗೆರೆಯ ತುದಿ ನಮ್ಮ ಊರಿನಲ್ಲಿ ನಿಂತಿದ್ದು ನೋಡಿ ನನಗೆ ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಭೂಮಿಯಲ್ಲಿ ಅದಕ್ಕೆ ನಮ್ಮ ಕೆರೆಯೇ ಬೇಕಾಯಿತು.

ಯಂತ್ರ ದಿನಕ್ಕೆ ನಾಲ್ಕು ಸಲ ತಾನಿರುವ ಜಾಗ ಹೇಳುತ್ತಿತ್ತು. ಸಂಶೋಧಕಿ ಅದನ್ನು ನನ್ನ ಫೋನಿನಲ್ಲೂ ಕಾಣುವಂತೆ ಮಾಡಿಕೊಟ್ಟಳು. ಎದ್ದ ಕೂಡಲೇ ದೇವರ ಫೋಟೋ ನೋಡುವವರಿದ್ದಾರೆ. ನಾನು ಚುಕ್ಕಿ ನೋಡುತ್ತಿದ್ದೆ. ಈಗ ನೀರಿನ ಮೇಲಿದೆ, ಈಗ ಹೊಲದಲ್ಲಿದೆ, ಈಗ ತಂಬ್ರಹಳ್ಳಿಯ ಹಿನ್ನೀರಿಗೆ ಹೋಗಿ ಬಂತು. ಗೋಡೆಯ ನಕಾಶೆಗೆ ಹುಡುಗಿಯರು ಕೆಂಪು ದಾರ ಹಚ್ಚಿದರು. 'ಟೀಚರ್ ಬಾತು' ಎಂದು ಅದಕ್ಕೆ ಹೆಸರೂ ಇಟ್ಟರು. ಸ್ಟಾಫ್ ರೂಮಿನಲ್ಲಿ, ಗಂಡನ ಮೇಲೂ ಇಷ್ಟು ನಿಗಾ ಇಟ್ಟಿರಲಿಕ್ಕಿಲ್ಲ ಎಂದು ಚೇಷ್ಟೆ ಮಾಡಿದರು. ನಿಜವೇ. ಗಂಡನ ಊಟದ ಹೊತ್ತಿಗಿಂತ ಬಾತಿನ ಊಟದ ಹೊತ್ತು ನನಗೆ ಚೆನ್ನಾಗಿ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಚುಕ್ಕಿ ನಿಂತಿತು. ಒಂದು ದಿನ ಹಾಗೇ ಇತ್ತು. ಯಂತ್ರಕ್ಕೆ ಏನೋ ಆಗಿರಬೇಕು ಎಂದುಕೊಂಡೆ. ಮೂರು ದಿನ, ನಾಲ್ಕು ದಿನ. ಆರನೇ ದಿನ ಸಂಶೋಧಕಿಗೆ ಕೇಳಿದೆ. ಹೀಗೆ ಒಂದೇ ಕಡೆ ನಿಂತರೆ ಹೆಚ್ಚಾಗಿ ಹಕ್ಕಿ ಸತ್ತಿರುತ್ತದೆ, ಹೋಗಿ ನೋಡಲು ಸಾಧ್ಯವೇ ಎಂದಳು. ಬಿಡುವಿನ ಹೊತ್ತಿನಲ್ಲಿ ಫೋನಿನ ನಕಾಶೆಯನ್ನು ಬೆರಳಿನಿಂದ ಹಿಗ್ಗಿಸಿದೆ. ಕೆರೆ ಬಂತು, ಏರಿ ಬಂತು, ಊರು ಬಂತು. ಇನ್ನೂ ಹಿಗ್ಗಿಸಿದೆ. ತಗಡಿನ ಮಾಡು, ಪಕ್ಕಕ್ಕೆ ಬೇವಿನ ಮರ, ಹಿಂದೆ ದುಂಡಗೆ ಮುಳ್ಳುಬೇಲಿಯ ಕುರಿ ರೊಪ್ಪ. ಚುಕ್ಕಿ ರೊಪ್ಪದ ನಟ್ಟನಡುವೆ ಇತ್ತು. ನನ್ನ ತವರುಮನೆಯನ್ನು ಆಕಾಶದಿಂದ ನೋಡಿದ್ದು ಅದೇ ಮೊದಲು.

ಕೊಂದಿದ್ದಾನೆ, ತಿಂದಿದ್ದಾನೆ, ಪಟ್ಟಿ ಕಿತ್ತು ಹಿಕ್ಕೆಯೊಳಗೆ ಎಸೆದಿದ್ದಾನೆ. ಮೂರೂ ಮಾತು ಒಟ್ಟಿಗೇ ತಲೆಗೆ ಬಂದವು. ಮೈ ಉರಿಯಿತು. ಫೋನು ಕೈಯಲ್ಲೇ ಇತ್ತು, ಅಣ್ಣನ ನಂಬರು ಅದರಲ್ಲೇ ಇತ್ತು. ಮಾಡಲಿಲ್ಲ. ಅತ್ತಿಗೆಯನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಒಂದು ಬಿಳಿ ಹಾಳೆ ತೆಗೆದು ಅರಣ್ಯದವರಿಗೆ ದೂರು ಬರೆದೆ: ನನ್ನ ಸ್ವಂತ ಅಣ್ಣ ವಲಸೆ ಬಂದ ಹಕ್ಕಿಯನ್ನು ಬಲೆ ಹಾಕಿ ಹಿಡಿದು, ಕೊಂದು ತಿಂದಿದ್ದಾನೆ. 'ಸ್ವಂತ' ಎನ್ನುವುದರ ಕೆಳಗೆ ಗೆರೆ ಎಳೆದೆ. ಅಣ್ಣನೆಂದು ಬಿಡುವವಳಲ್ಲ ನಾನು ಎಂದು ಓದಿದವರಿಗೆ ತಿಳಿಯಲಿ ಎನ್ನುವ ಜಂಬ ಅದು. ಆವತ್ತು ಅದನ್ನು ನ್ಯಾಯ ಅಂದುಕೊಂಡಿದ್ದೆ.

ಮಾರನೆಯ ದಿನ ಮಧ್ಯಾಹ್ನ ಅರಣ್ಯದ ಗಾರ್ಡ್ ಜೀಪು ತಂದರು. ನಾನೂ ಹತ್ತಿದೆ. ಜೀಪು ನಮ್ಮ ಓಣಿಗೆ ಬಂದದ್ದೇ ಓಣಿಯೆಲ್ಲ ಅಂಗಳಕ್ಕೆ ಬಂತು. ಅತ್ತಿಗೆ ಜೋಳ ಹಸನು ಮಾಡುತ್ತಿದ್ದವಳು ಮೊರ ಹಿಡಿದೇ ಎದ್ದಳು. ಅಣ್ಣ ರೊಪ್ಪದಿಂದ ಹೊರಗೆ ಬಂದ, ಹೆಗಲ ಮೇಲೆ ಒಂದು ಮರಿ. ಗಾರ್ಡ್ ಮರ್ಯಾದಸ್ಥರು, ಕೆಟ್ಟ ಮಾತು ಆಡಲಿಲ್ಲ. ನಿಮ್ಮ ಮೇಲೆ ಹೀಗೊಂದು ದೂರು ಬಂದಿದೆ ಎಂದರು. ಏನಂತ ಬಂದೈತಿ, ಓದ್ರಿ ಎಂದ ಅಣ್ಣ. ಅವರು ಓದಿದರು. ಗೆರೆ ಎಳೆದ ಮಾತನ್ನು ಎಳೆದ ಹಾಗೆಯೇ ಒತ್ತಿ ಓದಿದರು.

"ಕೊಂದು ತಿಂದಾನ ಅಂತ ಬರದಾಳೇನು?" ಅಣ್ಣ ಗಾರ್ಡನ್ನು ಕೇಳಿದ. ನನ್ನ ಕಡೆ ನೋಡಲಿಲ್ಲ.

"ಹೌದು."

ಅವನು ಮರಿಯನ್ನು ನೆಲಕ್ಕೆ ಬಿಟ್ಟು ರೊಪ್ಪದೊಳಕ್ಕೆ ಹೋದ. ನಾವೂ ಹಿಂದೆ ಹೋದೆವು. ಮೂಲೆಯಲ್ಲಿ ಎಳೆಮರಿಗಳನ್ನು ಮುಚ್ಚುವ ದೊಡ್ಡ ಬುಟ್ಟಿ ಬೋರಲಾಗಿತ್ತು. ಎತ್ತಿದ. ಒಳಗಿನಿಂದ ಹಾವಿನ ಹಾಗೆ ಬುಸುಗುಟ್ಟುತ್ತ ಬಾತು ಕುತ್ತಿಗೆ ಚಾಚಿತು. ಹಸಿರು ಪಟ್ಟಿ ಹಾಗೇ ಇತ್ತು. ಒಂದು ಕಾಲಿಗೆ ದಾರ, ದಾರ ಉಜ್ಜದಂತೆ ಕೆಳಗೆ ಹಳೇ ಸೀರೆಯ ಚಿಂದಿ ಸುತ್ತಿದ್ದರು. ಮುಂದೆ ತಾಟಿನಲ್ಲಿ ನೀರು, ಪಕ್ಕದಲ್ಲಿ ನೆನೆಸಿದ ಕಡಲೆ. ಪಟಾಕಿ ಹೊಡೆದು ಉಳಿಸಿಕೊಳ್ಳಲು ಹೊರಟ ಅದೇ ಕಡಲೆ.

"ಬಲ್ಯಾಗ ಸಿಕ್ಕಿತ್ರಿ," ಅಣ್ಣ ಗಾರ್ಡಿಗೆ ಹೇಳಿದ. "ರೆಕ್ಕಿ ತಿರುವಿತ್ತು. ಬಿಡಸಿ ಹಾರಿಬಿಡಬೇಕಂದೆ. ನೋಡಿದ್ರ ಕೊಳ್ಳಾಗ ಗುರುತು. ಗುರುತಿದ್ದ ಮಾಲು ಹೆಂಗ ಬಿಡಾಕ ಬರತೈತ್ರಿ? ಯಾವನ ಯಾವ ಊರಾಗ ಹುಡುಕಾಕ್ಹತ್ಯಾನೋ. ಕೊಟ್ಟೂರ ಸಂತ್ಯಾಗ ಹೇಳಿಸೀನಿ, ಕಾನಹೊಸಹಳ್ಳಿ ಕಡೆಯವ್ರಿಗೂ ಹೇಳೀನಿ, ಹಸರ ಪಟ್ಟಿದು ಬಾತು ಐತಿ, ಯಜಮಾನ ಬಂದು ಒಯ್ಯಲಿ ಅಂತ. ಯಾರೂ ಬರಲಿಲ್ಲ."

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಪ್ರತಿ ಮನೆಯ ಕುರಿಗೂ ಕಿವಿಯಲ್ಲಿ ಬೇರೆ ಬೇರೆ ಗುರುತು ಕೊಯ್ದಿರುತ್ತಾರೆ. ಬೇರೆಯವರ ಗುರುತಿನ ಕುರಿ ತಪ್ಪಿಸಿಕೊಂಡು ನಮ್ಮ ಹಿಂಡಿಗೆ ಬಂದರೆ ಅದನ್ನು ಓಡಿಸುವಂತಿಲ್ಲ, ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಕಟ್ಟಿ, ಮೇಯಿಸಿ, ಸಂತೆಯಲ್ಲಿ ಸುದ್ದಿ ಹಾಕಿ ಯಜಮಾನ ಬರುವ ತನಕ ಕಾಯಬೇಕು. ಬಂದವನು ಮಾಲನ್ನು ನೋಡುವ ಮುಂಚೆ ಗುರುತು ಹೇಳಬೇಕು. ಸರಿ ಹೇಳಿದರೆ ಹಗ್ಗ ಅವನ ಕೈಗೆ ಹಾಕಿ, ಉಂಡು ಹೋಗು ಎನ್ನಬೇಕು. ಮೇವಿನ ಋಣ ಕೇಳಬಾರದು. ತಪ್ಪಿ ಬಂದ ಮಾಲು ತಿಂದವನಿಗೆ ನಮ್ಮಲ್ಲಿ ಕಳ್ಳನಿಗಿಂತ ಕಡೆಯ ಹೆಸರು. ಅಂಥವನ ಹಿಂಡಿಗೆ ಯಾರೂ ತಮ್ಮ ಕುರಿ ಬಿಡುವುದಿಲ್ಲ. ಇದು ಅಣ್ಣನ ಬದುಕಿನ ನೇಮ ಎಷ್ಟೋ, ನಾನು ಹುಟ್ಟಿ ಬೆಳೆದ ಮನೆಯ ನೇಮವೂ ಅಷ್ಟೇ. ಅದೇ ರೊಪ್ಪದಲ್ಲಿ ಹಾಗೆ ಕಟ್ಟಿದ ಪರರ ಕುರಿಗೆ ನಾನೇ ಸೊಪ್ಪು ಹಾಕಿದ್ದೇನೆ.

ಅಣ್ಣ ಬುಟ್ಟಿಯನ್ನು ಮತ್ತೆ ಮುಚ್ಚಿ ಗಾರ್ಡ್ ಕಡೆ ತಿರುಗಿದ. "ನೀವ ಯಜಮಾನ್ರೇನ್ರಿ? ಗುರುತು ಹೇಳ್ರಿ."

ಅವರು ಕಕ್ಕಾಬಿಕ್ಕಿಯಾದರು. ಹಸಿರು ಪಟ್ಟಿ ಎಂದರು. ಅದು ನಾನ ಹೇಳಿದ್ದು, ಪಟ್ಟಿ ಮ್ಯಾಲೆ ಏನೈತಿ ಎಂದ ಅಣ್ಣ.

"ಬಿಳಿ ಅಂಕಿ. ಏಳು, ಎರಡು," ಎಂದೆ ನಾನು. ಬಾಯಿಂದ ಹಾಗೇ ಬಂದುಬಿಟ್ಟಿತು.

ಆಗ ಅಣ್ಣ ನನ್ನನ್ನು ನೋಡಿದ. ಬುಟ್ಟಿ ಎತ್ತಿ, ರೆಕ್ಕೆಗಳನ್ನು ಒತ್ತಿ ಹಿಡಿದು, ದಾರ ಬಿಚ್ಚಿ, ಬಾತನ್ನು ತಂದು ನನ್ನ ಕೈಗೆ ಕೊಟ್ಟ. "ತಗೋರಿ ಮೇಡಂ. ನಿಮ್ಮ ಮಾಲು. ಉಂಡು ಹೋಗ್ರಿ."

ಹುಟ್ಟಿದಾಗಿನಿಂದ 'ಲೇ' ಎಂದವನು ನನಗೆ 'ರಿ' ಹಚ್ಚಿದ್ದು ಅದೇ ಮೊದಲು. ಓಣಿಯವರು ಮುಖ ಮುಖ ನೋಡಿಕೊಂಡರು. ಬಾತು ನನ್ನ ಮೊಣಕೈಗೆ ಕಚ್ಚುತ್ತಿತ್ತು. ಅದರ ಎದೆ ಬಿಸಿಯಾಗಿತ್ತು. ಇಷ್ಟು ದಿನ ಚುಕ್ಕಿಯಾಗಿದ್ದದ್ದು ಕೈಯಲ್ಲಿ ಬದುಕಿ ಒದೆಯುತ್ತಿದ್ದರೂ ನನಗೆ ಖುಷಿ ಪಡುವ ಮುಖ ಇರಲಿಲ್ಲ.

ಹಿಡಿದು ಇಟ್ಟುಕೊಳ್ಳುವುದೂ ಕಾನೂನಿನಲ್ಲಿ ತಪ್ಪೇ ಎಂದು ಗಾರ್ಡ್ ಮೆಲ್ಲಗೆ ಹೇಳಿದರು. ಹೇಳಿಕೆ ಬರೆಸಲು ಅಣ್ಣನನ್ನು ಜೀಪಿನಲ್ಲಿ ಕೂರಿಸಿಕೊಂಡರು. ನಾನು ಮುಂದಿನ ಸೀಟಿನಲ್ಲಿ ಹಕ್ಕಿ ಹಿಡಿದು, ಅವನು ಹಿಂದೆ ಕಂಬಳಿ ಹೊದ್ದು. ಸಂಜೆಯ ತನಕ ಅವನು ಕಚೇರಿಯ ಬೆಂಚಿನ ಮೇಲೆ ಕೂತಿದ್ದ. ದನದ ಡಾಕ್ಟರು ಬಂದು ನೋಡಿ, ರೆಕ್ಕೆ ಸರಿಹೋಗಿದೆ, ಯಾರೋ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದರು. ಆ ಮಾತಿನಿಂದಲೇ ಇರಬೇಕು, ಮೇಲಧಿಕಾರಿಗಳು ಅಣ್ಣನಿಗೆ ತಿಳಿಹೇಳಿ ಬಿಟ್ಟು ಕಳಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ನನ್ನನ್ನು ದಾಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮಾರನೆಯ ಬೆಳಿಗ್ಗೆ ಹಕ್ಕಿಯನ್ನು ಕೆರೆಗೆ ಬಿಟ್ಟೆವು. ಸುದ್ದಿ ಹೇಗೆ ತಿಳಿಯಿತೋ, ಕ್ಯಾಮೆರಾದವರು ಹಾಜರು. ಬಾತು ನೀರಿಗಿಳಿದು ನಾಲ್ಕು ಮಾರು ಈಜಿ, ಎದ್ದು ತನ್ನವರ ಗುಂಪು ಸೇರಿತು. ಚಪ್ಪಾಳೆ ತಟ್ಟಿದರು. ಒಬ್ಬ ಬಂದು, ನಿಮ್ಮಂಥವರು ಊರಿಗೊಬ್ಬರಿದ್ದರೆ ಸಾಕು ಮೇಡಂ ಎಂದ. ಬಾಯಿ ಮುಚ್ಚಿಕೊಂಡು ಹೋಗಪ್ಪ ಎಂದೆ.

ಹತ್ತು ದಿನದ ಮೇಲೆ ಅತ್ತಿಗೆ ಶಾಲೆಗೆ ಬಂದಳು. ಶಾಲೆ ಮೆಟ್ಟಿಲು ಹತ್ತಿದವಳೇ ಅಲ್ಲ ಅವಳು. ವರಾಂಡದಲ್ಲೇ ನಿಂತು, ಹುಡುಗಿಯರು ಕೇಳುವ ಹಾಗೆಯೇ ಕೇಳಿದಳು: "ಹಕ್ಕಿ ಬಿಡಿಸಿದಿ. ನಿಮ್ಮಣ್ಣನ್ನ ಯಾವಾಗ ಬಿಡಸ್ತಿ?"

ಪ್ರತಿವರ್ಷ ಯುಗಾದಿಯ ಮುಂಚೆ ಅಣ್ಣ ಹಿಂಡು ಹೊಡೆದುಕೊಂಡು ಸಿರುಗುಪ್ಪದ ಕಡೆ ಕಾಲುವೆ ಸೀಮೆಗೆ ಹೋಗುತ್ತಾನೆ. ಇಲ್ಲಿ ಬಿಸಿಲಿಗೆ ಹುಲ್ಲು ಸುಟ್ಟಾಗ ಅಲ್ಲಿ ಭತ್ತದ ಕೂಳೆ ಸಿಗುತ್ತದೆ. ಒಬ್ಬನ ಕುರಿಯಲ್ಲ ಅದು. ಎಂಟು ಮನೆಯವರು ತಮ್ಮ ಕುರಿಯನ್ನು ಅವನ ಹಿಂಡಿಗೆ ಕೂಡಿಸುತ್ತಿದ್ದರು. ಅಪ್ಪನ ಕಾಲದಿಂದಲೂ ಹಾಗೆ. ದಾರಿಯಲ್ಲಿ ತೋಳ ಎಳೆಯಿತೋ, ರೋಗಕ್ಕೆ ಹೋಯಿತೋ, ಅಣ್ಣ ಹೇಳಿದ್ದೇ ಪ್ರಮಾಣ. ಯಾರೂ ಎದುರು ಕೇಳುತ್ತಿರಲಿಲ್ಲ. ಅವನ ಹತ್ತಿರ ಇದ್ದ ಆಸ್ತಿಯೆಂದರೆ ಆ ನಂಬಿಕೆ. ಈಗ ಎರಡು ಮನೆಯವರು ಬಂದು ಕುರಿ ಬೇರೆ ಮಾಡಿಕೊಂಡು ಹೋಗಿದ್ದರು.

"ಅವ್ರೆಲ್ಲ ಕಣ್ಣಾರ ನೋಡ್ಯಾರಲ್ಲ, ಬಾತು ಜೀವಂತ ಇತ್ತು!" ಅಂದೆ.

"ನೋಡ್ಯಾರ. ಕೇಳ್ಯೂ ಕೇಳ್ಯಾರ. ಒಡಹುಟ್ಟಿದಾಕಿನ ಬರಕೊಟ್ಟಾಳಂದ್ರ ಹಿಂದ ಏನಾರ ನಡದಿರಬೇಕು, ಇದೊಂದು ಉಳಕೊಂಡೈತಿ ಅಂತಾರ. ಯಾರ ಬಾಯಿಗೆ ಬೀಗ ಹಾಕಲಿ?" ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸ್ವಾಮಾರ ಬಂದು ಬೀರಪ್ಪನ ಗುಡ್ಯಾಗ ಭಂಡಾರ ಮುಟ್ಟಿ ಹೇಳು, ನಾ ಬರದಿದ್ದು ಸುಳ್ಳು ಅಂತ. ಸಿಟ್ಟಿನಾಗ ಕೊಯ್ಕೊಂಡ ಮೂಗು ಮತ್ತ ಬರಂಗಿಲ್ಲ, ಖರೆ. ಆದ್ರೂ ಬಂದು ಹೇಳು."

ಬರುತ್ತೇನೆ ಎಂದೆ. ಆ ಸೋಮವಾರ ಹೋಗಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಅದರ ಮುಂದಿನ ಸೋಮವಾರ ಜ್ವರ ಬಂದಂತಿತ್ತು. ನಾನೊಬ್ಬ ಟೀಚರು, ದೂರಿನಲ್ಲಿ ಹೇಳಿದ ಜಾಗ ಸರಿಯೇ ಇತ್ತು, ಹಕ್ಕಿ ಅಲ್ಲೇ ಸಿಕ್ಕಿತ್ತು, ಅಷ್ಟು ಜನರ ಮುಂದೆ ಸುಳ್ಳುಗಾತಿ ಎಂದು ಯಾಕೆ ಒಪ್ಪಿಕೊಳ್ಳಲಿ ಎಂದು ನನ್ನೊಳಗೆ ವಾದ ನಡೆದೇ ಇತ್ತು. ಬಾತುಗಳು ಆಗಲೇ ಗುಂಪು ಗುಂಪಾಗಿ ಎದ್ದು ಸುತ್ತು ಹಾಕಿ ಇಳಿಯುತ್ತಿದ್ದವು. ಹೊರಡುವ ಮುಂಚೆ ಅವು ಹಾಗೆ ಮಾಡುತ್ತವೆ. ಒಂದು ಬೆಳಿಗ್ಗೆ ಚುಕ್ಕಿ ಕೃಷ್ಣೆಯ ಆಚೆ ಇತ್ತು. ಮೂರನೇ ಸೋಮವಾರ ಬಸ್ಸು ಹತ್ತಿದೆ.

ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಓಣಿಯ ಹಿರಿಯರು ಕೂತಿದ್ದರು. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ನಾನು ಭಂಡಾರದ ತಟ್ಟೆಗೆ ಕೈ ಹಚ್ಚಿದೆ. ಅಂಗೈಯೆಲ್ಲ ಅರಿಶಿನವಾಯಿತು. ನನ್ನ ಅಣ್ಣ ಹಕ್ಕಿ ಕೊಂದಿಲ್ಲ, ತಿಂದಿಲ್ಲ, ಗುರುತಿದ್ದ ಮಾಲು ಎಂದು ಕಟ್ಟಿ ಸಾಕಿದ್ದ, ಕೇಳದೆ ಕಾಣದೆ ಸುಳ್ಳು ದೂರು ಬರೆದವಳು ನಾನು ಎಂದೆ. ತರಗತಿಯಲ್ಲಿ ಮಾತಾಡಿದಷ್ಟೇ ಗಟ್ಟಿಯಾಗಿ ಹೇಳಿದೆ.

ಎಲ್ಲರಿಗಿಂತ ಹಿರಿಯ, ಅಪ್ಪನ ಜೊತೆ ಕುರಿ ಕಾಯ್ದವನು, ಹೇಳಿದ: "ಆತು ಬಿಡವ್ವ, ಹೇಳಿದೆಲ್ಲ. ಮುತ್ತು ಒಡದ್ರ ಹೋತು, ಮಾತು ಆಡಿದ್ರ ಹೋತು. ಅವನ ಮ್ಯಾಲೆ ನಮಗೇನು ಸಂಶೆ ಇಲ್ಲ."

"ಹಂಗಾದ್ರ ಕುರಿ ತಿರುಗಿ ಬಿಡ್ತೀರೇನು ಮಾವ?"

ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತ. "ಈ ವರ್ಷ ಹಿಂಗ ಇರ್ಲಿ. ಅವನ ಮ್ಯಾಲೆ ಇಲಾಖಿ ಕಣ್ಣೈತಿ. ಮುಂದಿನ ವರ್ಷಕ್ಕ ನೋಡೂಣು."

ಆ ಹೊತ್ತಿಗೆ ಆರು ಮನೆಯವರು ಬಿಡಿಸಿಕೊಂಡಾಗಿತ್ತು. ಕುರಿ ಬಿಡಿಸಿಕೊಂಡವರ ಮೇಲೆ, ಸಂಶಯವಿಲ್ಲ ಎನ್ನುತ್ತಲೇ ಸಂಶಯಪಡುವ ಆ ಕಟ್ಟೆಯ ಮೇಲೆ, ನನಗೆ ಬೆಂಕಿಯಂಥ ಸಿಟ್ಟು ಬಂತು. ಆಮೇಲೆ ಆ ಸಿಟ್ಟಿಗೆ ಹೋಗಲು ದಾರಿ ಸಿಗಲಿಲ್ಲ. ಅವರಿಗೆ ಆ ಮಾತು ಕಲಿಸಿಕೊಟ್ಟವಳು ನಾನೇ.

ಅಣ್ಣ ಹೊರಟಿದ್ದ. ಹಿಂದೆ ಓಡಿ, ಓಣಿಯ ತಿರುವಿನಲ್ಲಿ ಹಿಡಿದೆ. ಅರಿಶಿನದ ಕೈಯಿಂದಲೇ ಅವನ ಕಂಬಳಿ ಜಗ್ಗಿದೆ.

"ತಪ್ಪಾತು ಅಣ್ಣ. ನಾ ಮರತಿದ್ದೆ. ಗುರುತಿದ್ದ ಮಾಲು ಕಟ್ಟತಾರ ಅನ್ನೂದು ನನಗ ನೆನಪ ಆಗಲಿಲ್ಲ."

ಅವನು ನಿಂತ. ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಿ ಉಳಿದುಕೊಳ್ಳುತ್ತಿದ್ದೆ. ಅವನು ಸಮಾಧಾನದಿಂದಲೇ ಹೇಳಿದ: "ಮರತಿದ್ದಿಲ್ಲ. ನಿನಗ ನಾ ಕಳ್ಳ ಆಗೂದು ಬೇಕಾಗಿತ್ತು."

ಕಂಬಳಿ ಬಿಡಿಸಿಕೊಂಡು ಹೋದ. ನಾನು ಅಲ್ಲೇ ನಿಂತೆ, ಯಾಕೆಂದರೆ ಅದು ನಿಜವಾಗಿತ್ತು. ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಫೋನಿನಲ್ಲಿ ರೊಪ್ಪದ ಬೇಲಿ ಕಂಡ ಆ ಗಳಿಗೆಯಲ್ಲಿ, ಕೊಂದಿದ್ದಾನೆ ಎನ್ನುವುದಕ್ಕೂ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಕಟ್ಟಿಹಾಕಿದ್ದಾನೇನೋ ಎಂದು ಹೊಳೆದಿತ್ತು. ಬುಟ್ಟಿ ಕೂಡ ಕಣ್ಣಮುಂದೆ ಬಂದಿತ್ತು. ಅದನ್ನು ನಾನು ಆಚೆಗೆ ತಳ್ಳಿದೆ. ಪಟಾಕಿಯ ದಿನದಿಂದ ಅವನನ್ನು ಒಮ್ಮೆ ಗೆಲ್ಲಬೇಕೆಂದು ಕಾದಿದ್ದೆ, ಗೆಲ್ಲುವುದಕ್ಕೆ ಕೊಂದ ಹಕ್ಕಿಯೇ ಬೇಕಾಗಿತ್ತು.

ಉಳಿದ ಎರಡು ಮನೆಯ ಕುರಿ ಮತ್ತು ತನ್ನವನ್ನು ಹೊಡೆದುಕೊಂಡು ಅಣ್ಣ ಯುಗಾದಿಯ ಮುಂಚೆ ಹೋದ. ಹೋಗುವ ದಿನ ನನಗೆ ತಿಳಿಸಲಿಲ್ಲ. ಸಣ್ಣ ಹಿಂಡಿನ ಜೊತೆ ಕಾವಲಿಗೆ ಇನ್ನೊಬ್ಬರು ಹೋಗುವುದಿಲ್ಲ. ಅತ್ತಿಗೆಯೇ ಮನೆಗೆ ಬೀಗ ಹಾಕಿ ಜೊತೆಗೆ ಹೋದಳಂತೆ. ನಾನು ಫೋನು ಹಚ್ಚಿದರೆ ಪೂರ್ತಿ ರಿಂಗಾಗಿ ನಿಲ್ಲುತ್ತಿತ್ತು.

ಬಾತು ಮಾತ್ರ ದಿನಕ್ಕೆ ನಾಲ್ಕು ಸಲ ತನ್ನ ಜಾಗ ಹೇಳುತ್ತಲೇ ಇತ್ತು. ಗೋದಾವರಿ ದಾಟಿತು. ಗಂಗೆಯ ದಂಡೆಯಲ್ಲಿ ಒಂದು ವಾರ ತಂಗಿತು. ಹಿಮಾಲಯದ ಈಚೆ ಎರಡು ದಿನ ಗಾಳಿ ಕಾದು, ಒಂದೇ ಹಾರಿಕೆಗೆ ಆಚೆ ಬಿತ್ತು. ಟಿಬೆಟ್ಟಿನಲ್ಲಿ ಕೆರೆಯಿಂದ ಕೆರೆಗೆ ಸರಿಯುತ್ತ, ಮೇ ತಿಂಗಳಲ್ಲಿ ಮಂಗೋಲಿಯಾದ ತನ್ನ ಕೆರೆಗೆ ಹೋಗಿ ಮುಟ್ಟಿತು. ಸಂಶೋಧಕಿ ನನಗೆ ಅಭಿನಂದನೆ ಬರೆದಳು. ಉತ್ತರ ಬರೆಯಲಿಲ್ಲ.

ಅದೇ ವಾರ ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ತಂಬ್ರಹಳ್ಳಿಯ ರೈತರೊಬ್ಬರು ಸಿಕ್ಕರು. ಮಳೆಗೆ ಮುಂಚೆ ಅವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬುವುದು ವರ್ಷವೂ ನಮ್ಮ ಅಣ್ಣನೇ.

"ನಿಮ್ಮಣ್ಣನ ಹಿಂಡು ಎಲ್ಲಿ ಐತ್ರಿ ಟೀಚರ್? ಹೊಲ ಖಾಲಿ ಬಿದ್ದೈತಿ."

"ಗೊತ್ತಿಲ್ರಿ."

"ಒಡಹುಟ್ಟಿದಾಕಿ ನೀವು, ನಿಮಗ ಗೊತ್ತಿಲ್ಲಂದ್ರ ಹೆಂಗ?" ಎಂದು ನಗುತ್ತ ತಮ್ಮ ಫೋನು ತೆಗೆದು ಹಚ್ಚಿದರು. ಎರಡನೇ ರಿಂಗಿಗೆ ಅಣ್ಣ ಎತ್ತಿದ. ಅವನ ದನಿ, ಅದರ ಹಿಂದೆ ಕುರಿಗಳ ಸದ್ದು, ನನಗೆ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅವರು ಹೂಂ ಹೂಂ ಎಂದರು, ಯಾವ ದಿನ ಬರುತ್ತೀ ಎಂದು ಕೇಳಿದರು, ಆಮೇಲೆ ತಾವಾಗಿಯೇ, "ನಿಮ್ಮ ತಂಗಿ ಇಲ್ಲೇ ಅದಾಳಪ, ಮಾತಾಡ್ತಿಯೇನು?" ಎಂದರು.

ನಾನು ಕೈ ಚಾಚಿದೆ. ಅವರು ಫೋನು ಕೊಡಲಿಲ್ಲ. ಕಿವಿಯಿಂದ ಸ್ವಲ್ಪ ಸರಿಸಿ ನನ್ನನ್ನು ನೋಡಿದರು.

"ಆ ಬಾತು ಯಜಮಾನ್ರ ಮನಿ ಮುಟ್ಟಿತೇನು ಕೇಳ್ರಿ ಅನ್ನಾಕ್ಹತ್ಯಾನ. ಯಾವ ಬಾತ್ರಿ?"

"ಮುಟ್ಟೈತಿ ಅಂತ ಹೇಳ್ರಿ."

ಹೇಳಿದರು. ಆ ಕಡೆಯಿಂದ ಒಂದೇ ಒಂದು ಮಾತು ಬಂತು, ಫೋನು ನಿಂತಿತು.

"ಏನಂದ್ನ್ರಿ?"

"ಛಲೋ ಆತು ಅಂದ."

"ಮತ್ತೇನೂ ಕೇಳಲಿಲ್ಲೇನ್ರಿ?"

"ಇಲ್ರಿ. ಅಷ್ಟ."

ಅವರ ಬಸ್ಸು ಬಂತು. ಅಣ್ಣ ಎಲ್ಲಿದ್ದಾನೆ ಎಂದು ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.